ದಡದ ನೀರನ್ನೇ ಸಮುದ್ರದ ನೀರು ಅಂದ್ಕೋಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರದ ಪುರವಣೀಲಿ ಮನೇಲಿ ರೀಫ್ ಅಕ್ವೇರಿಯಂ, ಅಂದ್ರೆ ಹವಳ ಸಾಕೋ ಉಪ್ಪುನೀರಿನ ಗಾಜಿನ ತೊಟ್ಟಿ, ಇಡೋದರ ಬಗ್ಗೆ ಬಂದ ಬರಹ ಓದ್ದೆ. ಫೋಟೋಗಳು ಸಖತ್ತಾಗಿದ್ವು, ಹವಳದ ಬಗ್ಗೆ ಕನ್ನಡದಲ್ಲಿ ಬರಿಯೋರೇ ಕಮ್ಮಿ, ಅದಕ್ಕೆ ಖುಷಿನೂ ಆಯ್ತು. ಆದ್ರೆ ಮಧ್ಯದಲ್ಲೊಂದು ಮಾತಿತ್ತು, ಸಮುದ್ರ ಹತ್ರ ಇದ್ರೆ ಉಪ್ಪಿನ ಪುಡಿ ಕಲಸೋ ತಲೆನೋವು ಯಾಕೆ, ದಡಕ್ಕೆ ಹೋಗಿ ಕ್ಯಾನಲ್ಲಿ ನೀರು ತುಂಬ್ಕೊಂಡು ಬಂದು ಟ್ಯಾಂಕಿಗೆ ಸುರೀರಿ, ಅದಕ್ಕಿಂತ ನ್ಯಾಚುರಲ್ ಇನ್ನೇನಿದೆ ಅಂತ. ಈ ಒಂದು ಮಾತಿಗೇ ಈ ಪತ್ರ ಬರೀತಿರೋದು, ಸ್ವಲ್ಪ ಉದ್ದ ಆಗತ್ತೆ, ಜಾಗ ಕೊಡಿ.

ನಾನು ಸಮುದ್ರದ ನೀರಿನ ವಿರೋಧಿ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಹವ್ಯಾಸದಲ್ಲಿರೋ ಎಷ್ಟೋ ಜನ ಸಮುದ್ರದ ನೀರು ಅಂದ್ರೆ ಸಾಕು, ಅಯ್ಯೋ ಟ್ಯಾಂಕ್ ಕ್ರ್ಯಾಶ್ ಆಗತ್ತೆ, ಒಳಗಿರೋದೆಲ್ಲ ಸಾಯತ್ತೆ ಅಂತ ಹೆದರಿಸ್ತಾರೆ, ಅದೂ ತಪ್ಪೇ. 1960ರ ದಶಕದ ಶುರುವಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನೋರು ಬರೀ ಸಮುದ್ರದ ನೀರು, ಜೀವ ತುಂಬಿರೋ ಕಲ್ಲು, ಒಂದು ಏರ್ ಪಂಪು ಇಟ್ಕೊಂಡು ಹವಳ ಸಾಕಿ ತೋರಿಸಿದ್ರು, ಇವತ್ತು ನಾವು ಲೈವ್ ರಾಕ್ ಅಂತ ಕರಿಯೋದರ ಬೇರು ಅಲ್ಲಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ತನ್ನ ಮುಂದಿರೋ ಕೊಲ್ಲಿಯಿಂದಾನೇ ನೀರು ಎಳ್ಕೊಳತ್ತೆ, ಹಗಲು ಜನ ನೋಡೋ ಹೊತ್ತಲ್ಲಿ ಫಿಲ್ಟರ್ ಮಾಡಿ ಬಿಡ್ತಾರೆ, ರಾತ್ರಿ ಪ್ಲ್ಯಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳು) ಸಮೇತ ಹಾಗೇ ಬಿಡ್ತಾರೆ, ಪ್ರಾಣಿಗಳಿಗೆ ಅದೇ ಊಟ. ಹವಾಯಿಯ ವೈಕಿಕಿ ಅಕ್ವೇರಿಯಂನೋರು ಇನ್ನೊಂದು ದಾರಿ ಹಿಡಿದಿದ್ದಾರೆ, ನೆಲದಡಿ ಸೋಸಿ ಬರೋ ಉಪ್ಪುನೀರಿನ ಬಾವಿ ಇಟ್ಕೊಂಡು ಅದರಲ್ಲಿ ಹವಳ ಬೆಳೆಸಿದಾರೆ. ಹಾಗಾಗಿ ಆಗತ್ತಾ ಅನ್ನೋ ಪ್ರಶ್ನೆನೇ ಇಲ್ಲ, ಆಗತ್ತೆ. ಯಾವ ನೀರು, ಎಲ್ಲಿಂದ, ಯಾವಾಗ ತುಂಬಿದ್ದು ಅನ್ನೋದೇ ಎಲ್ಲಾ. ನಿಮ್ಮ ಬರಹದಲ್ಲಿ ಅದೇ ಇರ್ಲಿಲ್ಲ.

ಸಮುದ್ರದ ನೀರು ಯಾಕೆ ಕೆಲಸ ಮಾಡತ್ತೆ ಅಂದ್ರೆ ಅದರ ಲೆಕ್ಕ ಪಕ್ಕಾ ಇರತ್ತೆ. 1872ರಿಂದ 76ರವರೆಗೆ ಚಾಲೆಂಜರ್ ಅನ್ನೋ ಹಡಗು ಪ್ರಪಂಚದ ಸಮುದ್ರ ಎಲ್ಲಾ ಸುತ್ತಿ ನೀರಿನ ಸ್ಯಾಂಪಲ್ ತಂತು, ಅದರಲ್ಲಿ 77 ಸ್ಯಾಂಪಲ್‌ಗಳನ್ನ ವಿಲಿಯಂ ಡಿಟ್ಮಾರ್ ಅನ್ನೋ ಕೆಮಿಸ್ಟ್ ಟೆಸ್ಟ್ ಮಾಡಿ 1884ರಲ್ಲಿ ರಿಸಲ್ಟ್ ಕೊಟ್ರು. ಉಪ್ಪಿನಂಶ ಜಾಗದಿಂದ ಜಾಗಕ್ಕೆ ಹೆಚ್ಚುಕಮ್ಮಿ ಆದ್ರೂ ಒಳಗಿರೋ ಮುಖ್ಯ ಲವಣಗಳ ಪಾಲು ಒಂದಕ್ಕೊಂದು ಬದಲಾಗಲ್ಲ. ಲೀಟರಿಗೆ 35 ಗ್ರಾಂ ಹತ್ರ ಉಪ್ಪಿರೋ ನೀರಲ್ಲಿ ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಅಂತ), ಮೆಗ್ನೀಸಿಯಂ 1,280ರ ಆಸುಪಾಸು, ಪೊಟ್ಯಾಸಿಯಂ 400ರ ಹತ್ರ, ಸ್ಟ್ರಾನ್ಷಿಯಂ 8. ನಾವು ದುಡ್ಡು ಕೊಟ್ಟು ತರೋ ಉಪ್ಪಿನ ಪ್ಯಾಕೆಟ್‌ಗಳೆಲ್ಲ ಕಾಪಿ ಹೊಡಿಯೋಕೆ ನೋಡೋದು ಇದನ್ನೇ. ಅಷ್ಟೇ ಅಲ್ಲ, ಹವಳದ ದಿಬ್ಬಗಳ ಮೇಲಿನ ತೆರೆದ ಸಮುದ್ರದ ನೀರಲ್ಲಿ ನೈಟ್ರೇಟು ಫಾಸ್ಫೇಟು ನಮ್ಮ ಮನೆ ಟೆಸ್ಟ್ ಕಿಟ್ಟಿಗೆ ಕಾಣಿಸದಷ್ಟು ಕಮ್ಮಿ ಇರತ್ತೆ.

ಆದ್ರೆ ಈ ಲೆಕ್ಕ ತೆರೆದ ಸಮುದ್ರದ್ದು. ಬಸ್ಸಿಳಿದು ಚಪ್ಪಲಿ ಕೈಲಿ ಹಿಡ್ಕೊಂಡು ಮಂಡಿವರೆಗೆ ಇಳಿದು ತುಂಬ್ಕೋತೀವಲ್ಲ, ಆ ನೀರಿಗೆ ಈ ಯಾವ ಗ್ಯಾರಂಟಿನೂ ಇಲ್ಲ. ನದಿ ಸೇರೋ ಕಡೆ ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ಎಣ್ಣೆ ತರ ತೆಳ್ಳಗೆ ಹರಡ್ಕೊಂಡು ನಿಂತಿರತ್ತೆ, ನಾವು ಬಕೆಟ್ ಅದ್ದೋದು ಆ ಪದರಕ್ಕೇ. ಜೋರು ಮಳೆ ಬಂದ್ರೆ ಗದ್ದೆ ತೋಟದ ಗೊಬ್ಬರ, ಕೀಟನಾಶಕ, ರಸ್ತೆ ಮೇಲಿನ ಎಣ್ಣೆ, ಚರಂಡಿ, ಎಲ್ಲಾ ಕೊಚ್ಕೊಂಡು ಬರೋದು ಅಲ್ಲಿಗೇ. ಬಂದರು ಅಥವಾ ಬೋಟ್ ನಿಲ್ಸೋ ಜಾಗ ಆದ್ರೆ ಇನ್ನೊಂದು ಕಾಟ, ದೋಣಿ ತಳಕ್ಕೆ ಚಿಪ್ಪುಹುಳ ಹತ್ತದೇ ಇರ್ಲಿ ಅಂತ ಬಳಿಯೋ ಪೇಂಟಲ್ಲಿ ತಾಮ್ರ ಇರತ್ತೆ, ಅದು ನಿಧಾನಕ್ಕೆ ನೀರಿಗೆ ಬಿಡ್ತಾನೇ ಇರತ್ತೆ. ತಾಮ್ರ ಎಂಥದ್ದು ಅಂತ ಮೀನು ಸಾಕೋರಿಗೆ ಗೊತ್ತು, ಬರೀ ಮೀನಿರೋ ಟ್ಯಾಂಕಲ್ಲಿ ಪರಾವಲಂಬಿ ಸಾಯಿಸೋಕೆ ಔಷಧಿ ಅಂತ ಹಾಕ್ತಾರೆ, ಲೀಟರಿಗೆ 0.2 ಮಿಲಿಗ್ರಾಂ ಅಷ್ಟೇ, ಅದೇ ಪ್ರಮಾಣಕ್ಕೆ ಸಿಗಡಿ, ಬಸವನಹುಳ, ಹವಳ ಯಾವುದೂ ಉಳಿಯಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಲೆಗೆ ಹೋಗ್ಬೇಕು. ತುಂಬಾ ಜನ ಏನಂತಾರೆ ಅಂದ್ರೆ, ತಂದ ಮೇಲೆ ಟೆಸ್ಟ್ ಮಾಡಿದ್ರಾಯ್ತಲ್ಲ ಅಂತ. ಮನೇಲಿ ಟೆಸ್ಟ್ ಮಾಡೋಕಾಗೋದು ಉಪ್ಪು, ಪಿಎಚ್, ಅಮೋನಿಯಾ, ನೈಟ್ರೇಟ್, ಆಲ್ಕಲಿನಿಟಿ (ಆಮ್ಲ ತಡ್ಕೊಳೋ ನೀರಿನ ಶಕ್ತಿ, ಹೆಚ್ಚಾಗಿ ಕಾರ್ಬೊನೇಟಿಂದ ಬರೋದು) ಇಂಥವು. ಇವೆಲ್ಲ ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಸರಿ ಮಾಡ್ಕೋಬಹುದಾದ ವಿಷಯಗಳು. ಕೀಟನಾಶಕಕ್ಕೆ ಡಬ್ಬಿ ಕಿಟ್ ಇಲ್ಲ, ಡೀಸೆಲ್ಲಿಗಿಲ್ಲ, ರೆಡ್ ಟೈಡ್ ಅಂತ ನೀರನ್ನೇ ಕೆಂಪು ಮಾಡೋ ಪಾಚಿಯ ವಿಷಕ್ಕಿಲ್ಲ, ತಾಮ್ರದ ಕಿಟ್ ಇದ್ರೂ ಹವಳಕ್ಕೆ ತೊಂದ್ರೆ ಕೊಡೋ ಸಣ್ಣ ಪ್ರಮಾಣ ಅದಕ್ಕೆ ಸಿಗೋದು ಕಷ್ಟ. ಅಂದ್ರೆ ಸರಿ ಮಾಡ್ಕೋಬಹುದಾದದ್ದು ಟೆಸ್ಟಲ್ಲಿ ಕಾಣತ್ತೆ, ಟ್ಯಾಂಕ್ ಮುಗಿಸೋದು ಕಾಣಲ್ಲ. ನೀರು ಕಣ್ಣಿಗೆ ಸ್ಫಟಿಕದ ಹಾಗೆ ಇದ್ದ ಮಾತ್ರಕ್ಕೆ ಏನೂ ಗೊತ್ತಾಗಲ್ಲ. ಅದಕ್ಕೇ ಜಾಗ, ಸಮಯ ಇವೆರಡನ್ನ ಬಿಟ್ರೆ ನಮ್ಮ ಕೈಲಿ ಬೇರೆ ಕಾವಲು ಇಲ್ಲ.

ಜಾಗ ಅಂದ್ರೆ ನದಿಮುಖ, ಬಂದರು, ಫ್ಯಾಕ್ಟರಿ ಪೈಪು, ಊರ ಚರಂಡಿ ಇವುಗಳಿಂದ ದೂರ, ಆಗೋದಾದ್ರೆ ದೋಣೀಲಿ ಹೊರಗೆ ಹೋಗಿ ನೀರು ನೀಲಿ ಆಗೋ ಕಡೆ ತುಂಬೋದು ಎಲ್ಲಕ್ಕಿಂತ ಒಳ್ಳೇದು. ಆಗಲ್ಲ ಅಂದ್ರೆ ಕೊನೇಪಕ್ಷ ಕಲ್ಲುಬಂಡೆ ಚಾಚ್ಕೊಂಡಿರೋ, ಅಲೆ ಚೆನ್ನಾಗಿ ಆಡೋ ಜಾಗ. ಸಮಯ ಅಂದ್ರೆ ಭರತ ಏರ್ತಾ ಬಂದು ತುಂಬೋ ಹೊತ್ತು, ಆಗ ಹೊರಗಿನ ನೀರು ಒಳಗೆ ಬಂದಿರತ್ತೆ, ಇಳಿತದ ಹೊತ್ತಲ್ಲಿ ತುಂಬಿದ್ರೆ ದಡ ತೊಳೆದ ನೀರೇ ಸಿಗೋದು. ಮಳೆ ಬಂದು ನಿಂತ ಮೇಲೆ ತುಂಬಾ ದಿನ ಬಿಡ್ಬೇಕು, ಮಳೆಗಾಲ ಪೂರ್ತಿ ಈ ಆಸೆನೇ ಬಿಟ್ರೆ ಇನ್ನೂ ಒಳ್ಳೇದು. ನೀರು ಕೆಂಪಗೋ ಕಂದಾಗೋ ಇದ್ರೆ, ಮೀನು ಸತ್ತು ತೇಲ್ತಿದ್ರೆ, ಸುಮ್ನೆ ವಾಪಸ್ ಬನ್ನಿ. ಮೇಲ್ಪದರದಲ್ಲಿ ಎಣ್ಣೆ ಜಿಡ್ಡು ಇರೋದ್ರಿಂದ ಕ್ಯಾನಿನ ಬಾಯಿ ಮುಚ್ಚಿ ಕೆಳಗೆ ಮುಳುಗ್ಸಿ ಅಲ್ಲಿ ತೆಗೀಬೇಕು. ಕ್ಯಾನ್ ಆಹಾರ ತುಂಬೋ ದರ್ಜೇದಾಗಿರ್ಲಿ, ಹಿಂದೆ ಕೆಮಿಕಲ್ ತುಂಬಿದ್ದ ಡ್ರಮ್ಮನ್ನ ಎಷ್ಟು ತೊಳೆದ್ರೂ ಬೇಡ. ಇನ್ನೊಂದು, ಉಪ್ಪುನೀರು ಸಿಹಿನೀರಿಗಿಂತ ತೂಕ ಜಾಸ್ತಿ, 20 ಲೀಟರ್ ಕ್ಯಾನ್ ಅಂದ್ರೆ ಇಪ್ಪತ್ತೂವರೆ ಕೇಜಿ, ಸೊಂಟದ ಬಗ್ಗೆನೂ ಯೋಚನೆ ಮಾಡಿ.

ತಂದಾದ ಮೇಲೂ ಕೆಲಸ ಮುಗಿಯಲ್ಲ, ಬರಹದಲ್ಲಿ "ತಂದು ಸುರೀರಿ" ಅಂತ ಇದ್ದಿದ್ದು ನನಗೆ ಸಿಟ್ಟು ತರಿಸಿದ್ದು ಇದಕ್ಕೇ. ಒಂದು ಮಿಲಿಲೀಟರ್ ಸಮುದ್ರದ ನೀರಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಇರತ್ತೆ, ಅದರ ಮೇಲೆ ಪ್ಲ್ಯಾಂಕ್ಟನ್ನು. ಮುಚ್ಚಿದ ಕ್ಯಾನಲ್ಲಿ ಬಿಸಿಲಿಗಿಟ್ರೆ ಇವು ಸತ್ತು ಕೊಳೆತು ಆಮ್ಲಜನಕ ತಿಂದು ಅಮೋನಿಯಾ ಮಾಡಿಡ್ತವೆ, ಎರಡು ಮೂರು ದಿನ ಬಿಟ್ಟು ಮುಚ್ಚಳ ತೆಗೆದ್ರೆ ನಾತ. ಹಾಗಾಗಿ ಮುಖ್ಯವಾಗಿ ಎರಡು ದಾರಿ. ಒಂದು, ತಂದ ದಿನಾನೇ ಸಣ್ಣ ಕಣ್ಣಿನ ಫಿಲ್ಟರ್ ಸಾಕ್ಸಲ್ಲಿ (ಸೋಸೋ ಬಟ್ಟೆ ಚೀಲ) ಸೋಸಿ ಉಪಯೋಗಿಸೋದು, ಇದು ನಿಜವಾಗ್ಲೂ ಹೊರಗಿನ ಶುದ್ಧ ನೀರು ಅನ್ನೋ ನಂಬಿಕೆ ಇದ್ರೆ ಮಾತ್ರ, ಆಗ ಒಳಗಿರೋ ಪ್ಲ್ಯಾಂಕ್ಟನ್ ಹವಳಕ್ಕೆ ಊಟ. ಇನ್ನೊಂದು, ಸೋಸಿ ಕತ್ತಲಲ್ಲಿಟ್ಟು ಏರ್ ಪಂಪ್ ಹಾಕಿ ಎರಡು ವಾರಕ್ಕೂ ಹೆಚ್ಚು ಬಿಡೋದು. ಬೆಳಕಿಲ್ದೆ ಪಾಚಿ ಸಾಯತ್ತೆ, ಸತ್ತಿದ್ದನ್ನ ಬ್ಯಾಕ್ಟೀರಿಯಾ ತಿಂದು ಮುಗಿಸತ್ತೆ, ತಳದ ಕೆಸರು ಬಿಟ್ಟು ಮೇಲಿನ ತಿಳಿ ತೆಗೆದು ಅಮೋನಿಯಾ ಸೊನ್ನೆ ಅಂತ ನೋಡಿ ಹಾಕ್ಬೇಕು. ಮೀನಿನ ಬಿಳಿಚುಕ್ಕೆ ರೋಗ ತರೋ ಕ್ರಿಪ್ಟೊಕ್ಯಾರಿಯನ್ ಅನ್ನೋ ಪರಾವಲಂಬಿ ಬರತ್ತೆ ಅಂತ ಹೆದರೋರಿಗೂ ಈ ದಾರಿನೇ ಸಮಾಧಾನ, ಯಾಕಂದ್ರೆ ನೀರಲ್ಲಿ ಈಜಾಡೋ ಅದರ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗ್ಲಿಲ್ಲ ಅಂದ್ರೆ ಬದುಕಿರಲ್ಲ, ವಾರಗಟ್ಲೆ ತಡ್ಕೊಳೋ ಗೂಡು ಕಲ್ಲು ಮರಳಿಗೆ ಅಂಟ್ಕೊಂಡಿರತ್ತೆ, ಸೋಸಿದ ನೀರಲ್ಲಿ ಬರೋದು ಅಪರೂಪ.

ಬ್ಲೀಚ್ ಹಾಕಿ ಸ್ಟೆರೈಲ್ ಮಾಡೋದೂ ಉಂಟು, ಸಿಗಡಿ ಹ್ಯಾಚರಿಗಳಲ್ಲಿ ಮಾಡೋದೇ ಅದು, ಆಮೇಲೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೀತಾರೆ. ಸುವಾಸನೆ ಬೆರೆಸದ ಬ್ಲೀಚ್ ಬೇಕು, ಕೊನೇಲಿ ಕ್ಲೋರಿನ್ ಕಿಟ್ಟಲ್ಲಿ ಸೊನ್ನೆ ಬರ್ಲೇಬೇಕು. ಆದ್ರೆ ಇದು ಕೊಲ್ಲೋದು ಜೀವಿಗಳನ್ನ ಮಾತ್ರ, ತಾಮ್ರ ಹಾಗೇ ಉಳಿಯತ್ತೆ. ಕೆಟ್ಟ ಜಾಗದ ನೀರನ್ನ ಬ್ಲೀಚ್ ಒಳ್ಳೇದು ಮಾಡಲ್ಲ.

ಇನ್ನು ನ್ಯಾಚುರಲ್ ನೀರು ಹಾಕಿದ್ರೆ ಬೇರೆ ಏನೂ ಬೇಡ, ಹವಳ ತಾನೇ ಬೆಳ್ಯತ್ತೆ ಅನ್ನೋ ಧಾಟಿನೂ ಬರಹದಲ್ಲಿತ್ತು. ಸಮುದ್ರದ ನೀರಿನ ಆಲ್ಕಲಿನಿಟಿ ಹೆಚ್ಚುಕಮ್ಮಿ 6.5ರಿಂದ 7 ಡಿಕೆಎಚ್ (ಆಲ್ಕಲಿನಿಟಿ ಅಳೆಯೋ ಮಾನ). ಗಟ್ಟಿ ಹವಳ ಅಸ್ಥಿ ಕಟ್ಟೋಕೆ ಕ್ಯಾಲ್ಸಿಯಂ ಜೊತೆ ಇದನ್ನೇ ತಿನ್ನೋದು, ಪ್ರತಿ 2.8 ಡಿಕೆಎಚ್‌ಗೆ ಕ್ಯಾಲ್ಸಿಯಂ 20 ಪಿಪಿಎಂ ಲೆಕ್ಕ. ಹವಳ ತುಂಬಿರೋ ಟ್ಯಾಂಕ್ ದಿನಕ್ಕೆ 1 ಡಿಕೆಎಚ್ ನುಂಗೋದು ಸಾಮಾನ್ಯ. ಈಗ ಟ್ಯಾಂಕಲ್ಲಿ 6 ಇದೆ ಅಂದ್ಕೊಳಿ, ನೂರಕ್ಕೆ ಹತ್ತು ಭಾಗ ತೆಗೆದು 7 ಇರೋ ಸಮುದ್ರದ ನೀರು ಹಾಕಿದ್ರೆ ಆಗೋದು 6.1, ಒಂದು ದಿನದ ಊಟದ ಹತ್ತನೇ ಒಂದು ಭಾಗ. ಸಮುದ್ರದಲ್ಲಿ ಹವಳಕ್ಕೆ 7 ಸಾಕು ಯಾಕಂದ್ರೆ ಅಲ್ಲಿ ಅಲೆ ಅಲೆಗೂ ಹೊಸ ನೀರು, ಗಾಜಿನ ಪೆಟ್ಟಿಗೇಲಿ ಹಾಗಲ್ಲ, ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ದಿನಾ ಡೋಸ್ ಮಾಡಿ ಸೇರಿಸ್ಲೇಬೇಕು. ನೈಟ್ರೇಟೂ ಅಷ್ಟೇ, ಟ್ಯಾಂಕಲ್ಲಿ 40 ಪಿಪಿಎಂ ಇದ್ರೆ ಸೊನ್ನೆ ನೈಟ್ರೇಟ್ ನೀರಲ್ಲಿ ಹತ್ತು ಪರ್ಸೆಂಟ್ ಬದಲಾಯಿಸಿದ್ರೂ 36. ಮತ್ತೆ ಉಪ್ಪಿನ ಪ್ಯಾಕೆಟ್ಟಿಂದ ಸಮುದ್ರದ ನೀರಿಗೆ ಬದಲಾಗೋರು ಹುಷಾರು, ಕೆಲವು ಪ್ಯಾಕೆಟ್ಟಲ್ಲಿ ಆಲ್ಕಲಿನಿಟಿ 10ರ ಮೇಲಿರತ್ತೆ, ಒಂದೇ ಸಲ ಅರ್ಧ ನೀರು ಬದಲಾಯಿಸಿದ್ರೆ ಆ ದಿಢೀರ್ ಇಳಿತಕ್ಕೇ ಹವಳದ ತುದಿ ಸುಟ್ಟ ಹಾಗಾಗೋದು ಉಂಟು.

ಹಾಗಂತ ಪ್ಯಾಕೆಟ್ ಉಪ್ಪು ದೇವರಲ್ಲ. ಅದರಲ್ಲೂ ಬ್ಯಾಚಿಂದ ಬ್ಯಾಚಿಗೆ ವ್ಯತ್ಯಾಸ ಇರತ್ತೆ, ಆರ್‌ಒ ಡಿಐ ನೀರಲ್ಲಿ (ಕರಗಿರೋ ಲವಣ ಎಲ್ಲಾ ತೆಗೆದ ಶುದ್ಧ ನೀರು) ಕಲಸ್ಬೇಕು, ಆರ್‌ಒ ಮಾಡೋವಾಗ ಒಂದಷ್ಟು ನೀರು ವೇಸ್ಟ್ ಆಗತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ದೋಣಿ ಇದೆ, ಗೊತ್ತಿರೋ ಶುದ್ಧ ಜಾಗ ಇದೆ, ಡ್ರಮ್ ಇಡೋಕೆ ಕತ್ತಲೆ ಕೋಣೆ ಇದೆ ಅನ್ನೋರಿಗೆ ಸಮುದ್ರದ ನೀರೇ ಮೇಲು. ಇದ್ಯಾವುದೂ ಇಲ್ದೆ ಬರೀ ಬೀಚ್ ಹತ್ರ ಇದೆ ಅನ್ನೋ ಒಂದೇ ಕಾರಣಕ್ಕೆ ಅಂದ್ರೆ ಪ್ಯಾಕೆಟ್ಟೇ ವಾಸಿ. ಕೆಲಸ ಉಳಿಯತ್ತೆ ಅನ್ನೋ ಆಸೆಗಂತೂ ಸಮುದ್ರದ ನೀರಿಗೆ ಹೋಗ್ಲೇಬೇಡಿ, ಕೆಲಸ ಜಾಸ್ತಿನೇ.

ತೆಗೆದ ಹಳೇ ನೀರಿನ ಬಗ್ಗೆ ಬರಹದಲ್ಲಿ ಒಂದಕ್ಷರ ಇಲ್ಲ. ಹೊಸ ನೀರು ತರೋಕೆ ಹೋದೋರು ಖಾಲಿ ಕ್ಯಾನ್ ಯಾಕೆ, ಹಳೇದನ್ನ ತಗೊಂಡು ಹೋಗಿ ಸಮುದ್ರಕ್ಕೆ ಸುರಿಯೋಣ ಅಂತ ಯೋಚಿಸ್ತಾರೆ, ದಯವಿಟ್ಟು ಬೇಡ. ನಮ್ಮ ಟ್ಯಾಂಕಲ್ಲಿರೋ ಪಾಚಿ, ಹುಳ, ರೋಗಾಣು ಎಲ್ಲೆಲ್ಲಿಂದಲೋ ಬಂದಿರತ್ತೆ. ಮೆಡಿಟರೇನಿಯನ್ ಸಮುದ್ರದಲ್ಲಿ 1984ರಲ್ಲಿ ಮೊನಾಕೊ ಹತ್ರ ಒಂದು ಚಿಕ್ಕ ತೇಪೆಯಾಗಿ ಕಂಡ ಕಾಲರ್ಪಾ ಅನ್ನೋ ಅಕ್ವೇರಿಯಂ ಪಾಚಿ ಆಮೇಲೆ ಸಾವಿರಾರು ಹೆಕ್ಟೇರಿಗೆ ಹಬ್ತು, ಅದರ ಒಂದು ಸಣ್ಣ ತುಂಡು ಸಾಕು ಬೇರೂರೋಕೆ. ಹಳೇ ನೀರು ಮನೆ ಡ್ರೈನೇಜಿಗೆ ಹೋಗ್ಲಿ. ಹಾಗೇ ನೀರು ತರೋಕೆ ಹೋದಾಗ ಕಲ್ಲು, ಹವಳ ಎತ್ಕೊಂಡು ಬರೋದೂ ಬೇಡ, ಗಟ್ಟಿ ಹವಳಗಳೆಲ್ಲ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟ್ಸ್ ಒಪ್ಪಂದದ ಪಟ್ಟೀಲಿವೆ.

ಕೊನೇದಾಗಿ ಬರಹದ ಪಕ್ಕದ ಬಾಕ್ಸಲ್ಲಿದ್ದ ನಂಬರ್ ತಪ್ಪು. ರೀಫ್ ಟ್ಯಾಂಕಿಗೆ ಹೈಡ್ರೋಮೀಟರಲ್ಲಿ (ಸಿಹಿನೀರಿಗೆ ಹೋಲಿಸಿ ನೀರಿನ ಸಾಂದ್ರತೆ ತೋರ್ಸೋ ಸಾಧನ) 1.020 ಸಾಕು ಅಂತ ಹಾಕಿದೀರ, ಬರೀ ಮೀನಾದ್ರೆ ತಡ್ಕೊಳತ್ತೆ, ಹವಳಕ್ಕೆ ಆಗಲ್ಲ. 25 ಡಿಗ್ರಿ ಉಷ್ಣಾಂಶದಲ್ಲಿ 1.026 ಹತ್ರ ಇರ್ಬೇಕು, ಅದು ಸಾವಿರಕ್ಕೆ 35 ಭಾಗ ಉಪ್ಪು. ಬೆಳಕು ಬಾಗೋದನ್ನ ನೋಡಿ ಉಪ್ಪು ಅಳೆಯೋ ರಿಫ್ರ್ಯಾಕ್ಟೋಮೀಟರ್ ಇರೋರು ಅದನ್ನ ಬರೀ ಡಿಸ್ಟಿಲ್ಡ್ ವಾಟರಲ್ಲಿ ಸೊನ್ನೆಗೆ ಕೂರ್ಸಿ ಸುಮ್ನಾಗದೆ 35ರ ಸ್ಟ್ಯಾಂಡರ್ಡ್ ದ್ರಾವಣದಲ್ಲೂ ಸರಿನೋಡ್ಕೋಬೇಕು. ಆ ಬಾಕ್ಸನ್ನ ಕತ್ತರಿಸಿ ಟ್ಯಾಂಕ್ ಪಕ್ಕ ಅಂಟಿಸ್ಕೊಂಡಿರೋರು ಇರ್ತಾರೆ, ಮುಂದಿನ ಪುರವಣೀಲಿ ಅದೇ ಸೈಜಲ್ಲಿ ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಓದುಗ