ಲಕ್ಷಗಳ ಫಲಕದ ಜೊತೆ ಪಗಾರ ಚೀಟಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಆಯ್ಕೆ ಮುಗಿಯುತ್ತಲೇ ವಿದ್ಯಾರ್ಥಿಗಳ ಫೋಟೊ, ಅದರ ಕೆಳಗೆ ಇಷ್ಟು ಲಕ್ಷ ಎಂಬ ಫಲಕ ಏಳುತ್ತದೆ. ಸಾಫ್ಟ್‌ವೇರ್ ಕಂಪನಿಗಳು ಹೇಳುವ ಆ ಸಿಟಿಸಿ ಎಂಬ ಅಂಕಿ ಒಬ್ಬ ನೌಕರನ ಮೇಲೆ ವರ್ಷಕ್ಕೆ ಆಗುವ ಒಟ್ಟು ಖರ್ಚು. ಮನೆಯವರು ಅದನ್ನೇ ಪಗಾರ ಅಂದುಕೊಂಡು ಸಾಲದ ಕಂತು ಲೆಕ್ಕ ಹಾಕಿರುತ್ತಾರೆ.

3.6 ಲಕ್ಷ ಎಂದರೆ ತಿಂಗಳಿಗೆ 30,000. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ 1,800, ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಗೆ ಶೇ 4.81ರಂತೆ ಸುಮಾರು 720. ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ ಎಂದು 3,000, ವಿಮೆಗೆ 500 ತೆಗೆದರೆ ಉಳಿಯುವುದು 23,980. ಅದರಲ್ಲಿ ತಮ್ಮ ಪಾಲಿನ ಪಿಎಫ್ 1,800 ಮುರಿದು ಕೈಗೆ ಬರುವುದು 22,180. ಗ್ರಾಚ್ಯುಟಿಯಂತೂ ಕಾಯಂ ನೌಕರರಿಗೆ ಐದು ವರ್ಷ ತುಂಬದೆ ಸಿಗದು.

ಕೆಲಸದ ಪರಿಚಯವಿಲ್ಲದಿರುವುದು ಇದಕ್ಕಿಂತ ದೊಡ್ಡ ಕೊರತೆ. ಕಾಲೇಜಿನಲ್ಲಿ ಹೊಸದಾಗಿ ಪ್ರೋಗ್ರಾಂ ಬರೆಸುತ್ತಾರೆ. ಕಂಪನಿಯಲ್ಲಿ ಮೊದಲ ವರ್ಷದ ಬಹುಪಾಲು ಹೊತ್ತು ಬೇರೆ ಯಾರೋ ಬರೆದಿಟ್ಟ ಕೋಡ್ ಓದುವುದರಲ್ಲೇ ಹೋಗುತ್ತದೆ. ಮಾಡಬೇಕಾದ ಕೆಲಸ ಬರೆದು ಕೊಡುವ ಟಿಕೆಟ್‌ನಲ್ಲಿ ಇರುವುದು ಒಂದೆರಡು ಸಾಲು: ಬಿಲ್ಲಿನ ಪುಟದಲ್ಲಿ ಮೊತ್ತ ತಪ್ಪು ಬರುತ್ತಿದೆ, ನೋಡಿ. ಮೊದಲು ಆ ತಪ್ಪನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮತ್ತೆ ಬರುವಂತೆ ಮಾಡಿ ನೋಡಬೇಕು, ಪ್ರೋಗ್ರಾಂ ಓಡುವಾಗ ತಾನೇ ಬರೆದಿಡುವ ದಾಖಲೆಯಾದ ಲಾಗ್ ಓದಬೇಕು, ಆಮೇಲೆ ತಿದ್ದಿ, ಹಳೆಯ ಟೆಸ್ಟ್‌ಗಳನ್ನೆಲ್ಲ ಓಡಿಸಿ, ಇನ್ನೊಬ್ಬರು ಪರಿಶೀಲಿಸುವ ರಿವ್ಯೂಗೆ ಕೊಡಬೇಕು. ಹೊಸಬರು ಮೊದಲ ಹೆಜ್ಜೆಯನ್ನೇ ಬಿಟ್ಟು ತಿದ್ದಲು ಕೂಡುತ್ತಾರೆ. ಆಗ ತಪ್ಪು ನಿಜಕ್ಕೂ ಹೋಯಿತೇ ಎಂದು ತಿಳಿಯುವ ದಾರಿ ಉಳಿಯುವುದಿಲ್ಲ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ತಮ್ಮದೊಂದು ಬ್ರಾಂಚ್, ಅಂದರೆ ಬೇರೆ ಕವಲು ತೆಗೆದು ಎರಡು ವಾರ ಒಬ್ಬರೇ ಬರೆಯುವುದೂ ಉಂಟು. ಅಷ್ಟರಲ್ಲಿ ಅವೇ ಸಾಲುಗಳನ್ನು ಮತ್ತೊಬ್ಬರು ಬದಲಿಸಿರುತ್ತಾರೆ. ಕೆಲವು ವಾರಗಳ ಕೆಲಸದ ಕಂತಾದ ಸ್ಪ್ರಿಂಟ್ ಮುಗಿಯುವ ದಿನ ಎರಡನ್ನೂ ಕೂಡಿಸಲು ಹೋದರೆ ತಾನಾಗಿ ಮರ್ಜ್ ಆಗುವುದಿಲ್ಲ. ದಿನಾ ಬೆಳಿಗ್ಗೆ ಮುಖ್ಯ ಬ್ರಾಂಚ್ ಎಳೆದುಕೊಂಡು, ಒಂದು ಸಲದ ಬದಲಾವಣೆಯನ್ನು 200 ಸಾಲಿನೊಳಗೆ ಇಟ್ಟುಕೊಂಡರೆ ಈ ಪೀಕಲಾಟ ಬಹುಮಟ್ಟಿಗೆ ತಪ್ಪುತ್ತದೆ.

ಕೆಲಸ ಮುಂದೆ ಸಾಗದೆ ನಿಂತಾಗ ಎರಡೆರಡು ದಿನ ಬಾಯಿ ಬಿಡದೆ ಕೂಡುವುದು ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳಿಗೆ ಬಹಳ ಪೆಟ್ಟು ಕೊಡುತ್ತದೆ. ಇಂಗ್ಲಿಷ್ ತಪ್ಪೀತು ಎಂಬ ಅಂಜಿಕೆ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂದು ಮೂರು ಸಾಲು ಬರೆದು ಕಳಿಸಿದರೆ ಸಾಕು, ವ್ಯಾಕರಣ ಯಾರೂ ನೋಡುವುದಿಲ್ಲ.

ಗ್ರಾಹಕರು ಅಮೆರಿಕದವರಾದರೆ ಮನೆಗೆ ಹೋಗುವ ಹೊತ್ತೂ ಬದಲಾಗುತ್ತದೆ. ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದಿಡುವುದರಿಂದ ಆಮೇಲೆ 7.30. ಹುಬ್ಬಳ್ಳಿಯಲ್ಲಿ ಮೀಟಿಂಗ್ ಮುಗಿಸಿ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಮರಳುವವರಿಗೆ ಆ ಒಂದು ತಾಸು ಭಾರವೇ. ಕೆಲಸ ಬಿಡುವ ಮುನ್ನ ಕೊಡಬೇಕಾದ ನೋಟಿಸ್ ಅವಧಿ 60 ದಿನವೋ 90 ದಿನವೋ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೋ ಎಂಬುದನ್ನು ಸಹಿ ಮಾಡುವ ಮುನ್ನ ಓದಬೇಕು. ಮೂಲ ಅಂಕಪಟ್ಟಿಯನ್ನು ಯಾರಲ್ಲೂ ಒತ್ತೆ ಇಡಬಾರದು.

ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರಲ್ಲಿ ಒಂದು ಕೋರಿಕೆ. ಏಳನೇ ಸೆಮಿಸ್ಟರಿನಲ್ಲಿ ಆಪ್ಟಿಟ್ಯೂಡ್ ತರಬೇತಿಯ ಜೊತೆ ಎರಡು ತಾಸು ತೆಗೆದಿಟ್ಟು ಮಾದರಿ ಪಗಾರ ಚೀಟಿ, ಮಾದರಿ ಆಫರ್ ಪತ್ರ ಓದಿಸಿ. ಅಂತಿಮ ವರ್ಷದ ಪ್ರಾಜೆಕ್ಟನ್ನು ಹಿಂದಿನ ಬ್ಯಾಚಿನವರು ಬಿಟ್ಟುಹೋದ ಕೋಡ್ ಮೇಲೆಯೇ ಮುಂದುವರಿಸಲು ಕೊಡಿ, ಪ್ರತಿ ಬದಲಾವಣೆಯನ್ನೂ ಇನ್ನೊಬ್ಬ ವಿದ್ಯಾರ್ಥಿ ರಿವ್ಯೂ ಮಾಡಲಿ.

– ಸಾಫ್ಟ್‌ವೇರ್ ಉದ್ಯೋಗಿಗಳು, ವಿದ್ಯಾನಗರ, ಹುಬ್ಬಳ್ಳಿ