ಮರಿಗಳನ್ನು ಕೊಡುವ ಮೊದಲು

ನಾಕ್ಸ್‌ವಿಲ್, ಟೆನೆಸಿ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ ಎಂದು ತಿಳಿಸಿ.

ಕಾವಲಿಗೆ ನಾಯಿ ಒದಗಿಸುವ ಗುತ್ತಿಗೆದಾರರು ನಮ್ಮ ಮರಿಗಳನ್ನೆಲ್ಲ ಒಟ್ಟಿಗೇ ಕೇಳಿದ್ದಾರೆ, ಕೊಡಬಹುದೇ ಎಂದು ತಮ್ಮನ ಕೈಯಲ್ಲಿ ಕೇಳಿಸಿದಿರಿ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಇಲ್ಲಿ ನಮ್ಮ ಪಶುವೈದ್ಯಕೀಯ ಕಾಲೇಜಿನಲ್ಲಿ ಡಾಬರ್‌ಮನ್ ನಾಯಿಯ ಕಂಚಿನ ಪ್ರತಿಮೆ ಒಂದಿದೆ. ಮಲಗಿದ್ದರೂ ತಲೆ ಎತ್ತಿ, ಕಿವಿ ನಿಮಿರಿಸಿಕೊಂಡಿದೆ. ರಾತ್ರಿ ಹೊಲದ ಕಡೆ ಸದ್ದಾದರೆ ನಮ್ಮ ಕರಿಯ ಹೀಗೇ ಆಲಿಸುತ್ತಾನಲ್ಲ! ಮಾಡಿದ ಶಿಲ್ಪಿ ಸುಸಾನ್ ಬಹಾರಿ ನಾಯಿಗಳನ್ನು ಹತ್ತಿರದಿಂದ ಕಂಡವರೇ ಇರಬೇಕು. ಇದು ಪ್ರತಿಕೃತಿ, ಮೂಲ ಇರುವುದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ, ಯುದ್ಧನಾಯಿಗಳ ಸ್ಮಶಾನದಲ್ಲಿ.

ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಆ ದ್ವೀಪವನ್ನು ಜಪಾನೀಯರಿಂದ ಬಿಡಿಸಿಕೊಳ್ಳುವಾಗ ಅಮೆರಿಕದ ಮರೀನ್ ಪಡೆಯ 25 ನಾಯಿಗಳು ಸತ್ತವು. ಪಹರೆ, ಸುದ್ದಿ ಮುಟ್ಟಿಸುವುದು, ಶತ್ರುಗಳು ಅಡಗಿದ ಗವಿಗಳನ್ನು ಹುಡುಕುವುದು, ನೆಲಬಾಂಬಿನ ವಾಸನೆ ಹಿಡಿಯುವುದು ಅವುಗಳ ಕೆಲಸ. ಕರ್ಟ್ ಎಂಬ ನಾಯಿ ಮುಂದೆ ಹೊಂಚು ಹಾಕಿದ್ದ ಶತ್ರುಗಳ ಸುಳಿವನ್ನು ಮೊದಲೇ ಕೊಟ್ಟು 250 ಸೈನಿಕರ ಜೀವ ಉಳಿಸಿತೆಂದು ಹೇಳುತ್ತಾರೆ. ಗಾಯಗೊಂಡು ಅದು ಅಲ್ಲಿಯೇ ತೀರಿಕೊಂಡಿತು. ಕರ್ಟ್, ಸ್ಕಿಪ್ಪರ್, ಮಿಸ್ಸಿ, ಟಬ್ಬಿ, ಕೋಕೋ ಎಂದು ಎಲ್ಲವುಗಳ ಹೆಸರನ್ನೂ ಸ್ಮಾರಕದಲ್ಲಿ ಕೆತ್ತಿದ್ದಾರೆ. ಮನೆಯ ಮಕ್ಕಳು ಇಟ್ಟ ಹೆಸರುಗಳಂತಿವೆ, ಅಲ್ಲವೇ? 1942ರಿಂದ ಇಲ್ಲಿನ ಎಷ್ಟೋ ಮಂದಿ ತಾವು ಸಾಕಿದ ನಾಯಿಗಳನ್ನೇ ಸೇನೆಗೆ ಕೊಟ್ಟಿದ್ದರು.

ನನ್ನ ಮನಸ್ಸಿನಲ್ಲಿ ನಿಂತವರು ವಿಲಿಯಂ ಪಟ್ನಿ. ಗುವಾಮ್‌ನಲ್ಲಿ ನಾಯಿದಳದ ನಾಯಕರೂ ಅವರೇ, ಪಶುವೈದ್ಯರೂ ಅವರೇ. ಯುದ್ಧ ಮುಗಿದಾಗ ಈ ನಾಯಿಗಳು ಅಪಾಯಕಾರಿ, ಕೊಂದುಬಿಡುವುದೇ ಲೇಸು ಎಂಬ ಮಾತೆದ್ದಿತು. ಪಟ್ನಿ ಒಪ್ಪಲಿಲ್ಲ. ಕಲಿಸಿದ್ದನ್ನು ಮರೆಸಬಹುದು ಎಂದು ಹಟ ಹಿಡಿದರು. ತಾಳ್ಮೆಯಿಂದ ಪಳಗಿಸಿ ನೂರಾರು ನಾಯಿಗಳನ್ನು ಮನೆಗಳಿಗೆ ಕಳುಹಿಸಿದರು. ಪಳಗದೆ ಉಳಿದವು ಬೆರಳೆಣಿಕೆಯಷ್ಟು. ಮುಂದೆ ಸ್ಮಶಾನ ಪಾಳುಬಿದ್ದಾಗ ಅದಕ್ಕಾಗಿ ಓಡಾಡಿದವರೂ ಅವರೇ. 1994ರಲ್ಲಿ, ಗುವಾಮ್ ಕಾಳಗಕ್ಕೆ 50 ವರ್ಷ ತುಂಬಿದಾಗ, ಸ್ಮಾರಕ ನಿಂತಿತು.

ಆದರೆ ವಿಯೆಟ್ನಾಂ ಯುದ್ಧದಲ್ಲಿ ಅದೇ ದೇಶ ಅದನ್ನೆಲ್ಲ ಮರೆಯಿತು. ಸುಮಾರು 4,000 ನಾಯಿಗಳು ಅಲ್ಲಿ ದುಡಿದವು. ಅವುಗಳನ್ನು ಹೆಚ್ಚುವರಿ ಸಾಮಾನಿನ ಲೆಕ್ಕಕ್ಕೆ ಬರೆದು, ಬಹುಪಾಲು ಅಲ್ಲಿಯೇ ಬಿಟ್ಟರು, ಇಲ್ಲವೇ ಕೊಂದರು. ನಾಯಿಯ ಜೊತೆ ಕಾಡಿನಲ್ಲಿ ರಾತ್ರಿ ಕಳೆದ ಸೈನಿಕ ಒಬ್ಬನೇ ವಿಮಾನ ಹತ್ತಬೇಕಾಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ ಅಪ್ಪ. ಮುದಿಯಾದ ಸೇನಾನಾಯಿಯನ್ನು ಮನೆಗೆ ಕರೆದೊಯ್ಯಲು ಇಲ್ಲಿ ಕಾನೂನು ಬಂದದ್ದು 2000ದಲ್ಲಿ.

ಮುಧೋಳ ತಳಿಯ ಮರಿಗಳನ್ನು ನಮ್ಮ ಸೇನೆ ಮೀರತ್‌ಗೆ ತರಬೇತಿಗೆ ಕರೆದೊಯ್ದಾಗ ನೀವು ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಿರಿ. ಆ ಹೆಮ್ಮೆ ನನಗೂ ಇದೆ. ನಾಯಿ ದುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ನಾಯಿಗಳಿಗೆ ಓಟ, ಕೆಲಸ ಬೇಕೇ ಬೇಕು. ಆದರೆ ದುಡಿಸಿಕೊಂಡವರು ಅದರ ಮುಪ್ಪಿಗೂ ಹೊಣೆಯಾಗಬೇಕು. ಗುತ್ತಿಗೆದಾರರನ್ನು ನೀವೇ ಕೇಳಿ: ಕಾಲು ಊನವಾದರೆ ಏನು ಮಾಡುತ್ತೀರಿ, ವಯಸ್ಸಾದ ಮೇಲೆ ಎಲ್ಲಿಡುತ್ತೀರಿ, ಬೇಡವಾದರೆ ನಮಗೇ ಮರಳಿಸುತ್ತೀರಾ? ಬಾಯಿಮಾತು ಸಾಲದು, ಬರೆದುಕೊಡಲಿ. ಒಪ್ಪದಿದ್ದರೆ ಒಂದು ಮರಿಯನ್ನೂ ಕೊಡಬೇಡಿ.

ಹಣಕ್ಕೆ ಅಡಚಣೆಯಾದರೆ ಸಂಕೋಚವಿಲ್ಲದೆ ಹೇಳಿ, ಈ ತಿಂಗಳು ಇಲ್ಲಿಂದ ಕಳುಹಿಸುತ್ತೇನೆ. ಮರಿಗಳಿಗೆ ಪಾರ್ವೋ ರೋಗದ ಲಸಿಕೆಯ ಮುಂದಿನ ಡೋಸ್ ತಪ್ಪಿಸಬೇಡಿ, ತಮ್ಮನಿಗೂ ನೆನಪಿಸಿ.

ನಿಮ್ಮ ಪ್ರೀತಿಯ ಮಗಳು