ಪುಟ್ಟಿಗೆ ದೊಡ್ಡಮ್ಮನ ಕಾಗದ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಅಂಕಗಳು, ಐಸ್ ಸ್ಕೇಟಿಂಗ್‌ನ ಹೊಸ ಸಂಗೀತ, ಕೋಚ್ ಸಿಡುಕಿದ್ದು ಎಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ. ಅದಕ್ಕೆ ಮತ್ತೆ ಕೈ ಹಾಕುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ, ನಿನ್ನ ಹೆಸರಿಗೆ ಮುಂಚೆ, ಸಣ್ಣ ಅಕ್ಷರದಲ್ಲಿ ತುರುಕಿದ ಆ ಮಾತು. "ಈ ವರ್ಷ ಉದ್ದ ಆಗಿಬಿಟ್ಟಿದ್ದೀನಿ, ರಾತ್ರಿ ಊಟ ಬಿಟ್ಟಿದ್ದೀನಿ, ಇಲ್ಲದಿದ್ರೆ ಅವನು ಬೇರೆ ಪಾರ್ಟ್ನರ್ ನೋಡಿಕೊಳ್ತಾನೆ."

ಚೆನ್ನಾಗಿ ಬೈಯಬೇಕು ಅಂತಲೇ ಪೆನ್ನು ಹಿಡಿದೆ. ಬೈಗುಳ ಬರುತ್ತಿಲ್ಲ. ಆ ಭಯ ನನಗೆ ಚೆನ್ನಾಗಿ ಗೊತ್ತು.

ಒಂಟಿಯಾಗಿ ಸ್ಕೇಟ್ ಮಾಡುವವರಿಗೆ ಬೀಳುವ ಭಯ, ಸೋಲುವ ಭಯ ಇರುತ್ತದೆ. ಹುಡುಗ ಹುಡುಗಿ ಜೋಡಿಯಾಗಿ ಸ್ಕೇಟ್ ಮಾಡುವ ಪೇರ್ಸ್‌ನಲ್ಲಿ ಅದರ ಮೇಲೆ ಇನ್ನೊಬ್ಬರ ಮನಸ್ಸು ಏನಿದೆಯೋ ಅನ್ನುವ ಭಯ. ಪಾರ್ಟ್ನರ್ ಹುಡುಕುವ ಹುಡುಗಿಯರು ಯಾವಾಗಲೂ ಜಾಸ್ತಿ, ಹುಡುಗರು ಕಡಿಮೆ. ರಿಂಕ್‌ನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪ್ರತಿ ಹುಡುಗಿಯೂ ಮನಸ್ಸಲ್ಲೇ ಲೆಕ್ಕ ಹಾಕುತ್ತಿರುತ್ತಾಳೆ. ನಾನೂ ಹಾಕುತ್ತಿದ್ದೆ. ನನ್ನನ್ನು ಮೇಲೆತ್ತುವ ಲಿಫ್ಟ್ ಮುಗಿಸಿ ಇಳಿಸುವಾಗ ನನ್ನ ಪಾರ್ಟ್ನರ್ ಸ್ವಲ್ಪ ಜೋರಾಗಿ ಉಸಿರು ಬಿಟ್ಟರೂ ಸಾಕು, ಅವತ್ತೆಲ್ಲಾ ನನಗೆ ಅದೇ ಯೋಚನೆ. ಅವನಿಗೆ ಅವತ್ತು ಬರೀ ನೆಗಡಿ ಇದ್ದಿರಬಹುದು.

ಅವನು ಹೋದದ್ದು ಒಲಿಂಪಿಕ್ಸ್ ವರ್ಷ ಮುಗಿದ ಮೇಲೆ. ನಾವೇನೂ ಒಲಿಂಪಿಕ್ಸ್‌ಗೆ ಹೋದವರಲ್ಲ ಬಿಡು, ಆದರೆ ಜೋಡಿಗಳು ಒಡೆಯುವ ಕಾಲವೇ ಅದು. ಎಲ್ಲರೂ ಮುಂದಿನ ನಾಲ್ಕು ವರ್ಷದ ಲೆಕ್ಕ ಹಾಕುತ್ತಾರೆ. ನನಗೆ ಸುದ್ದಿ ಹೇಳಿದ್ದು ಕೋಚ್. ನಾನು ಬೂಟಿನ ಲೇಸ್ ಕಟ್ಟುತ್ತಿದ್ದೆ. ಕಟ್ಟಿ ಮುಗಿಸಿ ಐಸ್ ಮೇಲೂ ಹೋದೆ. ಹೋಗಿ ನಿಂತ ಮೇಲೆ ಏನು ಮಾಡಬೇಕು ಅಂತಲೇ ತೋಚಲಿಲ್ಲ. ಎಡಕ್ಕೆ ಹೋದರೆ ಅವನ ಕೈ ಇರಬೇಕಿತ್ತು, ಬಲಕ್ಕೆ ಹೋದರೆ ಅವನ ಭುಜ. ಅವನು ಯಾಕೆ ಹೋದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ತೂಕವಾ, ನನ್ನ ಜಂಪ್‌ಗಳಾ, ಅಥವಾ ನನಗೆ ಸಂಬಂಧವೇ ಇಲ್ಲದ ಏನೋ ಒಂದಾ. ಗೊತ್ತಿಲ್ಲದ್ದನ್ನು ನಾನು ತೂಕ ಅಂತಲೇ ತುಂಬಿಕೊಂಡೆ. ಇಷ್ಟು ವರ್ಷ ಆದ ಮೇಲೂ ಊಟಕ್ಕೆ ಕೂತಾಗ ಅದು ಒಮ್ಮೊಮ್ಮೆ ಬಂದು ಎದುರು ಕೂರುತ್ತದೆ. ನಿನ್ನ ಸಾಲು ಓದಿ ಮೈ ಜುಂ ಅಂದದ್ದು ಅದಕ್ಕೇ.

ಈಗ ಊಟದ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೇನೋ, ಬೇಜಾರು ಮಾಡ್ಕೋಬೇಡ. ತಲೆಯ ಮೇಲಿನ ಲಿಫ್ಟ್‌ನಲ್ಲಿ ಅವನು ಮೂಟೆ ಎತ್ತುವುದಿಲ್ಲ. ನೀನು ಮಂಡಿ ಮಡಿಚಿ ಚಿಮ್ಮಬೇಕು, ಅವನ ಕೈಯನ್ನು ನಿನ್ನ ಕೈಯಿಂದ ಕೆಳಗೆ ಒತ್ತಬೇಕು, ಹೊಟ್ಟೆ ಬೆನ್ನು ಬಿಗಿ ಹಿಡಿಯಬೇಕು. ಬಿಗಿಯಾಗಿ ನಿಂತ ಮೈಯನ್ನು ಎತ್ತುವುದು ಸುಲಭ. ಹಸಿದು ಸಡಿಲಾದ ಮೈ ಎರಡು ಕೆ.ಜಿ. ಕಡಿಮೆ ಇದ್ದರೂ ಭಾರವೇ. ಥ್ರೋ ಜಂಪ್ ಇನ್ನೂ ಕಷ್ಟ. ಅವನು ಎಸೆದ ವೇಗವನ್ನೆಲ್ಲ ನೀನು ಒಂದೇ ಕಾಲಿನ ಮೇಲೆ ಇಳಿಸಿಕೊಳ್ಳಬೇಕು. ಊಟ ಸಾಲದ ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಆಮೇಲೆ ಮೂಳೆಯಲ್ಲಿ ಸಣ್ಣ ಬಿರುಕು ಬರಬಹುದು. ನಿನಗೆ ತಿಂಗಳು ತಪ್ಪುತ್ತಿದ್ದರೆ ಮುಚ್ಚಿಡಬೇಡ. ಅಮ್ಮನಿಗೆ ಹೇಳಲು ಮುಜುಗರ ಆದರೆ ಡಾಕ್ಟರಿಗೆ ಹೇಳು, ನನಗಾದರೂ ಹೇಳು.

ಉದ್ದ ಆಗುವಾಗ ಟ್ವಿಸ್ಟ್, ಅಂದರೆ ಅವನು ಮೇಲೆಸೆದಾಗ ಸುತ್ತಿ ಮತ್ತೆ ಅವನ ಕೈಗೇ ಬರುವುದು, ಕೈಕೊಡುವುದು ನಿಜ. ಕೈಕಾಲು ಬೆಳೆದರೆ ಗಾಳಿಯಲ್ಲಿ ಸುತ್ತುವ ಲೆಕ್ಕ ಬದಲಾಗುತ್ತದೆ, ಹಳೆಯ ಟೈಮಿಂಗ್ ಹೊಸ ಮೈಗೆ ಕೂರುವುದಿಲ್ಲ. ಕೆಲವು ತಿಂಗಳು ಮೂರು ಸುತ್ತಿನ ಟ್ರಿಪಲ್ ಬಿಟ್ಟು ಎರಡು ಸುತ್ತಿನ ಡಬಲ್ ಮಾಡಿದರೆ ಆಕಾಶವೇನೂ ಬೀಳುವುದಿಲ್ಲ. ಇದನ್ನು ಹೇಳಬೇಕಾದವರು ಕೋಚ್, ನಾನಲ್ಲ. ಸುಮ್ನೆ ಮನಸ್ಸಿಗೆ ಬಂದದ್ದು ಬರೆದೆ. ಸೀನಿಯರ್ ಸ್ಪರ್ಧೆಗಳಿಗೆ ಕನಿಷ್ಠ ವಯಸ್ಸು 15 ಇದ್ದದ್ದನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಂತ ಹಂತವಾಗಿ 17ಕ್ಕೆ ಏರಿಸಿತಲ್ಲ, ನನಗೆ ಅದು ಒಳ್ಳೆಯದೇ ಅನ್ನಿಸಿತು. ಬೆಳೆಯುವ ಮೈಗೆ ಸ್ವಲ್ಪ ಟೈಮ್ ಕೊಟ್ಟ ಹಾಗಾಯಿತು.

ಸರಿ, ಊಟ ಮಾಡಿದೆ ಅಂತಲೇ ಇಟ್ಟುಕೋ. ಆದರೂ ಅವನು ಹೋದರೆ? ನೀನು ಕೇಳುತ್ತಿರುವುದು ಅದೇ ಅಲ್ವಾ?

ಹೋಗಬಹುದು ಪುಟ್ಟಿ. ಹೋಗುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಸೋವಿಯತ್ ಸ್ಕೇಟರ್ ಇರೀನಾ ರೊಡ್ನಿನಾಳನ್ನೇ ನೋಡು. 1972ರಲ್ಲಿ ಸಪ್ಪೊರೊದಲ್ಲಿ ಉಲಾನೊವ್ ಜೊತೆ ಒಲಿಂಪಿಕ್ ಚಿನ್ನ ಗೆದ್ದಳು. ಅದೇ ವರ್ಷ ಅವನು ಅವಳನ್ನು ಬಿಟ್ಟು ಸ್ಮಿರ್ನೋವಾ ಜೊತೆ ಸೇರಿಕೊಂಡ. ಅಲ್ಲಿ ಬೆಳ್ಳಿ ಗೆದ್ದ ಜೋಡಿಯ ಹುಡುಗಿ ಅವಳು. ಇವಳು ಚಿನ್ನ ಗೆದ್ದಿದ್ದರೂ ಬಿಟ್ಟ, ನೋಡು. ಹಾಗಾದರೆ ಗೆಲ್ಲುವುದರಿಂದಲೂ ಪಾರ್ಟ್ನರ್ ಉಳಿಯುವುದಿಲ್ಲ, ತೂಕ ಇಳಿಸಿದರೆ ಉಳಿಯುತ್ತಾನಾ? ರೊಡ್ನಿನಾ ಜೈಟ್ಸೆವ್ ಜೊತೆ ಮೊದಲಿಂದ ಶುರು ಮಾಡಿದಳು. 1973ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಧ್ಯದಲ್ಲೇ ಸಂಗೀತ ನಿಂತುಹೋಯಿತು. ಇಬ್ಬರೂ ನಿಲ್ಲಿಸಲಿಲ್ಲ, ಸಂಗೀತವಿಲ್ಲದೆಯೇ ಮುಗಿಸಿ ಗೆದ್ದರು. ಮುಂದೆ 1976, 1980 ಎರಡೂ ಚಿನ್ನ ಅವರದ್ದೇ.

ಜರ್ಮನಿಯ ಅಲ್ಯೋನಾ ಸಾವ್ಚೆಂಕೊ ಕಥೆ ನಿನಗೆ ಗೊತ್ತು. ಶೋಲ್ಕೊವಿ ಜೊತೆ ಐದು ಸಲ ವಿಶ್ವ ಚಾಂಪಿಯನ್, ಒಲಿಂಪಿಕ್ಸ್‌ನಲ್ಲಿ ಎರಡು ಸಲ ಕಂಚು. 2014ರಲ್ಲಿ ಅವನು ನಿವೃತ್ತನಾದ. ಹೊಸ ಪಾರ್ಟ್ನರ್ ಮಾಸ್ಸೊ ಸಿಕ್ಕರೂ ಫ್ರಾನ್ಸ್‌ನ ಫೆಡರೇಶನ್ ಅವನನ್ನು ಬಿಟ್ಟುಕೊಡುವವರೆಗೆ ಕಾಯಬೇಕಾಯಿತು, ಆಮೇಲೆ ಅವನಿಗೆ ಜರ್ಮನಿಯ ಪೌರತ್ವ ಬೇರೆ ಬೇಕಾಯಿತು. 2018ರ ಒಲಿಂಪಿಕ್ಸ್‌ನಲ್ಲಿ ಮೊದಲ ಭಾಗ ಶಾರ್ಟ್ ಪ್ರೋಗ್ರಾಂ ಆದಾಗ ನಾಲ್ಕನೆಯವರು, ಎರಡನೇ ಭಾಗ ಫ್ರೀ ಸ್ಕೇಟ್ ಆದ ಮೇಲೆ ಚಿನ್ನ. ಅವಳಿಗೆ ಆಗ 34. ಅದು ಅವಳ ಐದನೇ ಒಲಿಂಪಿಕ್ಸ್.

ಇಂಥ ಕಥೆ ಹೇಳಿದರೆ ನನಗೇ ಒಂಥರಾ ಆಗುತ್ತದೆ. ಗೆದ್ದವರದ್ದಷ್ಟೇ ಕಥೆ ಆಗುತ್ತದೆ. ಪಾರ್ಟ್ನರ್ ಹೋದ ಮೇಲೆ ಹೊಸಬರ ಜೊತೆ ಹೊಂದುತ್ತದಾ ಅಂತ ನೋಡುವ ಒಂದೆರಡು ಟ್ರೈಔಟ್ ಮಾಡಿ ಮನೆಗೆ ಬಂದವರು ಎಷ್ಟೋ ಜನ. ಅವರಲ್ಲಿ ನಾನೂ ಒಬ್ಬಳು. ಟ್ರೈಔಟ್‌ಗೆ ಬಂದ ಹುಡುಗ ಒಳ್ಳೆಯವನೇ. ನನ್ನ ಸೊಂಟ ಹಿಡಿಯುವ ಅವನ ಕೈ ಮಾತ್ರ ಬೇರೆ ಜಾಗಕ್ಕೆ ಬರುತ್ತಿತ್ತು, ಇಬ್ಬರೂ ಪಕ್ಕಪಕ್ಕದಲ್ಲಿ ತಿರುಗುವ ಸೈಡ್ ಬೈ ಸೈಡ್ ಸ್ಪಿನ್‌ನಲ್ಲಿ ಅವನು ನನಗಿಂತ ಮುಂದೆ ಓಡುತ್ತಿದ್ದ. ಅದೆಲ್ಲ ಕೂಡಿಬರಲು ವರ್ಷ ಬೇಕು. ನಮ್ಮಿಬ್ಬರಿಗೂ ಆ ವರ್ಷ ಸಿಗಲಿಲ್ಲ. ಮನೆಗೆ ಬಂದವಳು ಐಸ್ ಮೇಲೆ ಮತ್ತೆ ಕಾಲಿಡಲೇ ಇಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಅವನು ಹೋದದ್ದಕ್ಕಲ್ಲ, ಅದಕ್ಕೆ. ಬ್ಲೇಡಿನ ಅಂಚಿನ ಮೇಲೆ ಜಾರುವ ಎಡ್ಜ್ ನನ್ನದು, ಜಂಪ್ ನನ್ನದು, ಅವನು ಒಂದು ಕೈ ಹಿಡಿದು ಸುತ್ತಿಸುವ ಡೆತ್ ಸ್ಪೈರಲ್‌ನಲ್ಲಿ ತಲೆ ಐಸ್‌ಗೆ ತಾಗುವಷ್ಟು ಬಾಗುವ ಧೈರ್ಯ ನನ್ನದು. ಅವನು ಅವನ್ನೆಲ್ಲ ತೆಗೆದುಕೊಂಡು ಹೋಗಿರಲಿಲ್ಲ.

ಡಿಯಾನಾ ಸ್ಟೆಲ್ಲಾಟೊ ಇದ್ದಾಳಲ್ಲ, 2000ದಲ್ಲಿ ಜೂನಿಯರ್ ವಿಶ್ವ ಸ್ಪರ್ಧೆಯಲ್ಲಿ ಒಂಟಿಯಾಗಿ ಬೆಳ್ಳಿ ಗೆದ್ದು, ಸೊಂಟದ ಕೀಲಿನ ನೋವಿನಿಂದ ಬಿಟ್ಟವಳು. ಹದಿನಾರು ವರ್ಷದ ಮೇಲೆ ಮತ್ತೆ ಬಂದಳು, ಪೇರ್ಸ್‌ಗೆ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಡೆಶಾಂಪ್ ಜೊತೆ ವಿಶ್ವ ಚಾಂಪಿಯನ್ ಆದಾಗ ಅವಳಿಗೆ 40. ಅದನ್ನು ನಾನು ಟಿವಿಯಲ್ಲಿ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನು ಎದ್ದು ಒಳಗೆ ಹೋದೆ. ಖುಷಿ ಆಗಿರಲಿಲ್ಲ ಅಂತಲ್ಲ.

ಎಲ್ಲಿಂದ ಎಲ್ಲಿಗೋ ಹೋಯಿತು ಕಾಗದ. ನಿನಗೆ ಬೇಕಿದ್ದದ್ದು ಒಂದು ಉಪಾಯ, ನನ್ನ ಹತ್ತಿರ ಇರುವುದು ಸ್ವಲ್ಪವೇ. ವಾರದಲ್ಲಿ ಕೆಲವು ಗಂಟೆ ಒಬ್ಬಳೇ ಸ್ಕೇಟ್ ಮಾಡು. ಅವನಿಗೆ ಮತ್ಸರ ಹುಟ್ಟಿಸಲು ಅಲ್ಲ ಮತ್ತೆ! ನಿನ್ನ ಜಂಪ್ ನಿನ್ನ ಹೊಸ ಕಾಲಿಗೆ ಒಗ್ಗಲಿ ಅಂತ. ಇನ್ನೊಂದು, ಕೇಳಲು ಕಷ್ಟ, ಆದರೂ ಅವನನ್ನೇ ನೇರವಾಗಿ ಕೇಳಿಬಿಡು. ಕೋಚ್ ಎದುರಿಗೇ ಕೇಳು. "ನಾನು ಬೆಳೀತಿದ್ದೀನಿ, ಮುಂದಿನ ಸೀಸನ್‌ಗೆ ನಿನ್ನ ಯೋಚನೆ ಏನು?" ಇಷ್ಟು ಸಾಕು. ಅವನೂ ಹುಡುಗನೇ. ಎತ್ತಲು ಆಗದಿದ್ದರೆ, ಕೈ ಜಾರಿ ನಿನ್ನನ್ನು ಬೀಳಿಸಿಬಿಟ್ಟರೆ ಅಂತ ಅವನಿಗೂ ರಾತ್ರಿ ನಿದ್ದೆ ಬರದೇ ಇರಬಹುದು. ನೀವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಭಯ ಇಟ್ಟುಕೊಂಡಿದ್ದೀರೇನೋ. ಅಥವಾ ನನ್ನ ಊಹೆ ತಪ್ಪಿರಬಹುದು, ಅವನು ಬೇರೆ ಹುಡುಗಿಯನ್ನು ಆಗಲೇ ನೋಡಿರಬಹುದು. ಅದಾದರೂ ಗೊತ್ತಾಗುತ್ತದಲ್ಲ. ನನ್ನ ಹಾಗೆ ಲೇಸ್ ಕಟ್ಟುವಾಗ ಕೇಳಿಸಿಕೊಳ್ಳುವುದು ಬೇಡ.

ಏನಂದ ಅಂತ ಬರೆ. ಏನೂ ಅನ್ನಲಿಲ್ಲ ಅಂದರೂ ಬರೆ. ರಾತ್ರಿ ಏನು ಊಟ ಮಾಡಿದೆ ಅಂತ ಜೊತೆಗೇ ಬರೆ, ಸುಳ್ಳು ಹೇಳಿದರೆ ನಿನ್ನ ಅಕ್ಷರದಲ್ಲೇ ನನಗೆ ಗೊತ್ತಾಗುತ್ತದೆ.

ನಿನ್ನ
ದೊಡ್ಡಮ್ಮ